ಮೂರನೇ ಕೋಣೆಯ ಸರದಿ

ನಾಲ್ಕನೇ ಕೊಡ ತುಂಬಿ, ಪೈಪನ್ನು ಬ್ಯಾರಲ್ಲಿಗೆ ಬಿಡುವಷ್ಟರಲ್ಲಿ ಒಲೆಯ ಮೇಲಿನ ಹಾಲು ಏಳತೊಡಗಿತ್ತು. ಲಲಿತಾ ಓಡಲಿಲ್ಲ. ಎರಡು ಹೆಜ್ಜೆ ಒಳಗಿಟ್ಟು ಉರಿ ಸಣ್ಣ ಮಾಡಿ, ಹಂಚಿನ ಮೇಲಿನ ರೊಟ್ಟಿ ಹೊರಳಿಸಿ, ಬ್ಯಾರಲ್ಲು ತುಂಬುವ ಮೊದಲೇ ಹಿತ್ತಲಿಗೆ ಬಂದಳು. ವಿಜಯಪುರದ ಅವರ ಓಣಿಗೆ ನಾಲ್ಕು ದಿನಕ್ಕೊಮ್ಮೆ ನಳ ಬರುತ್ತಿತ್ತು. ಆ ಹೊತ್ತಿನಲ್ಲಿ ಯಾವುದೇ ಒಂದರ ಮುಂದೆ ಕಾದು ನಿಲ್ಲಬಾರದು, ಕರೆದದ್ದರ ಕಡೆಗೆ ತಿರುಗಿ, ಅದರ ಕೆಲಸ ಮುಗಿಸಿ, ಮುಂದಿನದಕ್ಕೆ ಹೋಗಬೇಕು. ಓಣಿಯ ಹೆಂಗಸರಿಗೆಲ್ಲ ಇದು ಗೊತ್ತಿತ್ತು. ಗಂಡಸರಿಗೆ ಗೊತ್ತಿರಲಿಲ್ಲ, ಏಕೆಂದರೆ ಅವರು ಆ ಹೊತ್ತಿಗೆ ಯಾವುದಾದರೊಂದರ ಮುಂದೆ ನಿಂತೇ ಇರುತ್ತಿದ್ದರು.

ಅವಳ ಗಂಡ ಅಮೋಘಸಿದ್ದ ಆ ದಿನ ಕನ್ನಡಿಯ ಮುಂದೆ ನಿಂತಿದ್ದ. ಮನೆಯ ಹೊರಕೋಣೆಯಲ್ಲಿ ಹತ್ತು ವರ್ಷದಿಂದ ಅವನದೊಂದು ಸಿಸಿ ಕ್ಯಾಮೆರಾ ಅಂಗಡಿಯಿತ್ತು. ಹೋದ ವಾರ ಅದರ ಮೇಲೆ 'ಅಮೋಘ ಕಂಟ್ರೋಲ್ ರೂಮ್' ಎಂಬ ಫ್ಲೆಕ್ಸು ಏರಿತ್ತು. ಅದರಲ್ಲಿ ಕಂಪ್ಯೂಟರಿನ ಚಿತ್ರಕ್ಕಿಂತ ರೇವಪ್ಪ ಸಾವ್ಕಾರರ ಮೀಸೆ ದೊಡ್ಡದಾಗಿತ್ತು. ರೇವಪ್ಪ ಸಾವ್ಕಾರರು ದ್ರಾಕ್ಷಿ ಬೆಳೆಗಾರರ ಸಂಘದ ಅಧ್ಯಕ್ಷರು. ಸಂಘಕ್ಕೆ ತಿಕೋಟಾದಲ್ಲಿ ಐದು ಕೋಣೆಗಳ, ಬಬಲೇಶ್ವರದಲ್ಲಿ ಮೂರು ಕೋಣೆಗಳ ಕೋಲ್ಡ್ ಸ್ಟೋರೇಜುಗಳಿದ್ದವು. ಒಣದ್ರಾಕ್ಷಿ ತುಂಬಿದ ಆ ಎಂಟೂ ಕೋಣೆಗಳ ಗೋಡೆಗೆ ಒಂದೊಂದು ಸಣ್ಣ ಡಬ್ಬಿ. ಡಬ್ಬಿ ನಿಮಿಷಕ್ಕೊಮ್ಮೆ ವಿಜಯಪುರದ ಈ ಕಂಪ್ಯೂಟರಿಗೆ ಕರೆಮಾಡಿ, 'ಇಲ್ಲಿ ಇಷ್ಟು ತಂಪು' ಎಂದು ಹೇಳಿ, 'ಆಯಿತು' ಎಂಬ ಉತ್ತರ ಕೇಳಿ ಹೋಗಬೇಕು. ತಂಪು ತಪ್ಪಿದರೆ ಗಂಟೆ ಹೊಡೆದು ಮಿಸ್ತ್ರಿಯ ಫೋನಿಗೆ ಸುದ್ದಿ ಹೋಗಬೇಕು. ಇವತ್ತು ಅದರ ಉದ್ಘಾಟನೆ.

ಇದನ್ನೆಲ್ಲ ಮಾಡುವ ಪ್ರೋಗ್ರಾಂ ಬರೆದವಳು ಲಲಿತಾ. ಇಪ್ಪತ್ತೆರಡು ವರ್ಷದ ಹಿಂದೆ ಅವಳು ಕಂಪ್ಯೂಟರ್ ಡಿಪ್ಲೊಮಾ ಮುಗಿಸಿದ್ದಳು. ಆ ಪದವಿ ಲಗ್ನಪತ್ರಿಕೆಯಲ್ಲಿ ಅವಳ ಹೆಸರಿನ ಪಕ್ಕ ಒಮ್ಮೆ ಅಚ್ಚಾಯಿತು, ಆಮೇಲೆ ಎಲ್ಲಿಯೂ ಆಗಲಿಲ್ಲ. ನಾಲ್ಕು ತಿಂಗಳ ಮಧ್ಯಾಹ್ನಗಳಲ್ಲಿ, ಪಾತ್ರೆ ತಿಕ್ಕಿದ ಮೇಲೆ, ಅವಳು ಇದನ್ನು ಬರೆದಿದ್ದಳು. ಬೇರೆಯವರು ಬರೆದಿಟ್ಟ ಸಲಕರಣೆಯೊಂದನ್ನು ಬಳಸಿದ್ದಳು, ಅಂಥದ್ದಕ್ಕೆ ಆ ಕಸುಬಿನವರು ಲೈಬ್ರರಿ ಎನ್ನುತ್ತಾರೆ. ಅದರೊಳಗೆ ಇರುವುದು ಒಬ್ಬನೇ ಕೆಲಸಗಾರ. ಡಬ್ಬಿಗೂ ಕಂಪ್ಯೂಟರಿಗೂ ನಡುವೆ ಮಾತಿಗೆಂದು ತೆರೆಯುವ ದಾರಿಗೆ ಸಾಕೆಟ್ ಎಂದು ಹೆಸರು. ಯಾವ ಸಾಕೆಟ್ಟಿನಲ್ಲಿ ದನಿ ಬಂದರೂ ಅವನು ಅತ್ತ ತಿರುಗಿ, ಅರೆಕ್ಷಣದಲ್ಲಿ ಉತ್ತರಿಸಿ, ಮುಂದಕ್ಕೆ ಹೋಗುತ್ತಾನೆ. ಎಂಟಲ್ಲ, ಎಂಟುನೂರು ಡಬ್ಬಿ ಕರೆದರೂ ಸಂಭಾಳಿಸುತ್ತಾನೆ. ಆದರೆ ಅವನನ್ನು ಯಾರೂ ಒಂದೇ ಕಡೆ ಹಿಡಿದು ನಿಲ್ಲಿಸಬಾರದು.

"ಏ ಲಲಿತಾ, ಈ ಹುಡುಗಿ ಮುಂಜಾನಿಂದ ತಲಿ ತಿನ್ನಾಕತ್ತಾಳ. ನಾ ಮೀಟಿಂಗ್‌ನಾಗ ಅದೀನಂತ ಹೇಳು," ಎಂದು ಅಮೋಘಸಿದ್ದ ಫೋನನ್ನು ಅವಳ ಹಿಟ್ಟಿನ ಕೈಗೇ ಕೊಟ್ಟು ಕನ್ನಡಿಗೆ ಮರಳಿದ. ಮೀಟಿಂಗು ಅಲ್ಲಿಯೇ ನಡೆದಿತ್ತು.

ಫೋನಿನಲ್ಲಿದ್ದವಳು ತಿಕೋಟಾ ಸ್ಟೋರೇಜಿನ ಆಫೀಸು ನೋಡಿಕೊಳ್ಳುವ ಸಮ್ರೀನ.

"ಅಕ್ಕಾ, ನಿನ್ನೆ ಸಂಜಿಂದ ಡಬ್ಬಿ ಮ್ಯಾಲ ಟೈಮ್ಡ್ ಔಟ್ ಅಂತ ಬರಾಕತ್ತೈತ್ರಿ. ಅಣ್ಣಾರಿಗೆ ಕೇಳಿದ್ರ ನಿಮ್ಮ ತಿಕೋಟಾದ ಹವಾನ ಸರಿ ಇಲ್ಲ ಅಂದ್ರು. ಅದಿರ್ಲಿ. ಮೂರನೇ ಕೋಣ್ಯಾಗ ಮಷಿನ್ ಸಪ್ಪಳ ಇಲ್ಲ. ಬಾಗಲ ಮ್ಯಾಲಿನ ಮುಳ್ಳು ಹದಿಮೂರು ಡಿಗ್ರಿಗೆ ಬಂದೈತಿ. ನಾಕ ದಾಟಬಾರದಿತ್ತಲ್ರಿ?"

ಲಲಿತಾ ನಳ ಬಂದ್ ಮಾಡಿದಳು. ಮೂರನೇ ಕೋಣೆಯಲ್ಲಿ ಅರಕೇರಿಯ ರೇಣುಕವ್ವನ ಒಣದ್ರಾಕ್ಷಿ, ಆ ಕಡೆಯವರ ಮಾತಿನಲ್ಲಿ ಮಣೂಕ, ಇತ್ತು. ಎರಡೆಕರೆಯ ಇಡೀ ವರ್ಷದ ಬೆಳೆ, ಎಂಬತ್ತು ಬಾಕ್ಸು. ಡಬ್ಬಿಯನ್ನೂ ಕಂಪ್ಯೂಟರನ್ನೂ ನಂಬದೆ ಒಪ್ಪಲಾರೆನೆಂದು ಕುಳಿತಿದ್ದ ಆ ಹೆಂಗಸಿಗೆ, "ತಂಪ ತಪ್ಪಿದ್ರ ಹತ್ತು ನಿಮಿಷದಾಗ ಸುದ್ದಿ ಬರತೈತಿ, ನಾ ಅದೀನಿ" ಎಂದು ಮಾತು ಕೊಟ್ಟವಳು ಲಲಿತಾನೇ.

"ರಾಜಾರಾಮ ಮಿಸ್ತ್ರಿಗೆ ಹೇಳಿದೇನು?"

"ಅಂವ ನಿಮ್ಮ ಮನೀಗೇ ಬರಾಕತ್ತಾನಲ್ರಿ. ಕುರ್ಚಿ ತುಂಬಬೇಕಂತ ಎಲ್ಲಾರನ್ನೂ ಗಾಡ್ಯಾಗ ಹಾಕ್ಕೊಂಡು ಹೋದ್ರು. ಪ್ಯಾನಲ್ ಚಾವಿ ಎಲ್ಲಿಟ್ಟಿ ಅಂದ್ರ ಹೇಳವಲ್ಲ. ಕಂಪ್ಯೂಟರ್ ಹೇಳೂತನಕ ಯಾರೂ ಮುಟ್ಟಬಾರದಂತ ಆರ್ಡರ್ ಐತಂತ."

ಆರ್ಡರ್ ಇದ್ದದ್ದು ನಿಜ. 'ಇನ್ನು ಮುಂದೆ ಯಾವುದೇ ನೌಕರರು ಸ್ವಂತ ಬುದ್ಧಿಯಿಂದ ಯಂತ್ರಗಳನ್ನು ಮುಟ್ಟತಕ್ಕದ್ದಲ್ಲ' ಎಂದು ಬರೆದು ಸಾವ್ಕಾರರ ಸಹಿ ಹಾಕಿಸಿ ತಂದವನು ಅಮೋಘಸಿದ್ದ. ಸ್ವಂತ ಬುದ್ಧಿಯ ಮೇಲೆ ಅವನಿಗೆ ಮೊದಲಿನಿಂದಲೂ ಭರವಸೆ ಇರಲಿಲ್ಲ, ಆ ಅನುಮಾನಕ್ಕೆ ಅವನಲ್ಲಿ ಆಧಾರವೂ ಇತ್ತು.

ಟೈಮ್ಡ್ ಔಟ್ ಎಂದರೆ, ಡಬ್ಬಿ ಕರೆದಿದೆ, ಅತ್ತ ಕಂಪ್ಯೂಟರ್ ಇದೆ, ಆದರೆ ಉತ್ತರ ಬಂದಿಲ್ಲ. ಕೆಲಸಗಾರ ಎಲ್ಲಿ ಹೋದ? ಲಲಿತಾ ಯೋಚಿಸುತ್ತಿರುವಾಗಲೇ ಹೊರಕೋಣೆಯಿಂದ ತಗಡಿನಂಥ ದನಿಯೊಂದು ಕೇಳಿತು.

"ಸ್ವಾಗತ. ಸುಸ್ವಾಗತ. ಸಹಕಾರ ರತ್ನ. ದ್ರಾಕ್ಷಿ ಬಳ್ಳಿಯ ಬೇರು. ಕೊಡುಗೈ ದಾನಿ. ಯುವಕರ ಆಶಾಕಿರಣ. ತಿಕೋಟಾದ ಹುಲಿ. ದೀನರ ಬಂಧು. ದಿಟ್ಟ ಹೆಜ್ಜೆ..."

ಅರವತ್ತಾರು ವರ್ಷದ ಯುವಕರ ಆಶಾಕಿರಣ ಇನ್ನೂ ಕಾರಿನಿಂದ ಇಳಿದಿರಲಿಲ್ಲ. ಅವಳು ಗಂಡನ ಹಿಂದೆ ಹೋಗಿ ನಿಂತಳು.

"ನೀವು ಪ್ರೋಗ್ರಾಂಗೆ ಕೈ ಹಚ್ಚೀರೇನು?"

"ನಿನ್ನೆ ಸಂಜೀಕ ನಾಕ ಸಾಲು ಸ್ವಾಗತ ಹಾಕೇನಿ. ಯಾವ ಕೋಣಿ ಫೋನ್ ಮಾಡಿದ್ರೂ ಮೊದಲ ಸಾವ್ಕಾರ್ರ ಹೆಸರು ಬರತೈತಿ. ನಿಂದು ಒಣಾ ಒಣಾ ಇತ್ತು."

"ಅದು ಮುಗಿಯಾಕ ಐವತ್ತು ಸೆಕೆಂಡ್ ಬೇಕು. ಡಬ್ಬಿ ಹತ್ತು ಸೆಕೆಂಡ್ ಕಾಯತೈತಿ, ಫೋನ್ ಇಡತೈತಿ, ಮತ್ತ ಮಾಡತೈತಿ. ಮತ್ತ ಮೊದಲಿಂದ ಹೊಗಳಿಕಿ. ಉಳದ ಏಳೂ ಹಿಂದ ನಿಂತಾವು. ಉತ್ತರ ಕೊಡಾಂವ ಒಬ್ಬನ ಅದಾನ್ರಿ, ಅವನ್ನ ನೀವು ಭಾಷಣಕ್ಕ ನಿಲ್ಲಿಸೀರಿ."

"ಸಾವ್ಕಾರ್ರ ಹೆಸರು ಕೇಳಾಕ ಬ್ಯಾಸರಾಗೋ ಡಬ್ಬಿ ಎಂಥಾದು? ಅದು ಡಬ್ಬಿ ಕಂಪನಿ ತಪ್ಪು," ಎಂದು ಅಮೋಘಸಿದ್ದ ತಾಂತ್ರಿಕ ತೀರ್ಪು ಕೊಟ್ಟ. "ಈಗ ಅರ್ಧಕ್ಕ ನಿಲ್ಲಿಸಿದ್ರ ನನ್ನ ಗತಿ ಏನು? ನೀ ಚಾ ನೋಡು."

ರಾತ್ರಿಯಿಡೀ ಸ್ಪೀಕರಿನ ವೈರು ಕಿತ್ತಿಟ್ಟಿದ್ದ ಕಾರಣ ಮನೆಯವರು ಸುಖವಾಗಿ ಮಲಗಿದ್ದರು. ಕಂಪ್ಯೂಟರ್ ಮಾತ್ರ ಕತ್ತಲಲ್ಲಿ ಒಬ್ಬಂಟಿಯಾಗಿ, ಸದ್ದಿಲ್ಲದೆ, ಬೆಳಗಿನವರೆಗೆ ಸಾವ್ಕಾರರನ್ನು ಹೊಗಳಿತ್ತು. ಅಷ್ಟು ನಿಷ್ಠೆ ಸಂಘದ ಯಾವ ಸದಸ್ಯನಲ್ಲಿಯೂ ಇರಲಿಲ್ಲ.

ಹತ್ತು ಗಂಟೆಗೆ ಸಾವ್ಕಾರರು ಬಂದರು, ಹಿಂದೆ ನಲವತ್ತು ಜನ. ಕಂಪ್ಯೂಟರಿಗೆ ಐದು ಬೊಟ್ಟು ಕುಂಕುಮ, ಒಂದು ಹಾರ. ಕೀಬೋರ್ಡಿನ ಮೇಲೆ ಕೆಂಪು ಖಣ, ಖಣದ ಮೇಲೆ ತೆಂಗಿನಕಾಯಿ. ಗೋಡೆಯ ದೊಡ್ಡ ಟಿವಿಯಲ್ಲಿ ಎಂಟು ಚೌಕಗಳು. ಸಾವ್ಕಾರರು ಮುಂದಿನ ಸೋಫಾದಲ್ಲಿ ಕುಳಿತು ತಮ್ಮ ಬಿರುದುಗಳನ್ನು ಮೊದಲ ಸಲ ಕೇಳುವವರಂತೆ ತಲೆ ತಗ್ಗಿಸಿದರು. ಎರಡನೇ ಸಲಕ್ಕೆ ಮೀಸೆ ತೀಡಿದರು. ನಾಲ್ಕನೇ ಸಲಕ್ಕೆ ಬೆರಳಿನಲ್ಲಿ ತಾಳ ಹಾಕಿದರು. ತಿಕೋಟಾದ ಒಂದನೇ ಕೋಣೆ ಆಗೊಮ್ಮೆ ಈಗೊಮ್ಮೆ ಹಸಿರು ಮಿನುಗಿ ಮತ್ತೆ ಕೆಂಪಾಗುತ್ತಿತ್ತು. ಉಳಿದವು ಕೆಂಪಗೇ ಇದ್ದವು.

ಐದನೇ ಸಲಕ್ಕೆ ಬಬಲೇಶ್ವರ ಸ್ಟೋರೇಜಿನ ಮ್ಯಾನೇಜರ್ ಸೋಮಣ್ಣ ಎದ್ದು ನಿಂತರು.

"ಇದೇನ್ರಿ ಅಮೋಘಸಿದ್ದ? ತಿಕೋಟಾ ಅಂತ ಐದ ಸಲ ಬಂತು. ಬಬಲೇಶ್ವರ ಅಂತ ಒಂದ ಸಲಾನೂ ಬರವಲ್ದು. ನಮ್ಮ ಕೋಣಿ ಒಂದೂ ಹಸರ ಆಗವಲ್ದು. ನಾವೇನು ಹೊಸ್ತಲಾಚಿ ನಿಲ್ಲೋ ಮಂದಿ ಏನು?"

"ಯಪ್ಪಾ, ಹಂಗೇನಿಲ್ರಿ..."

"ಹಂಗ ಐತಿ. ಮೊನ್ನಿ ಮೀಟಿಂಗ್‌ನಾಗೂ ನಮಗ ಪ್ಲಾಸ್ಟಿಕ್ ಕುರ್ಚಿ, ತಿಕೋಟಾದವ್ರಿಗೆ ಗಾದಿ. ಈಗ ಮಷಿನ್‌ಗೂ ಕಲಿಸೀರಿ. ನಮ್ಮ ಉಪಾಧ್ಯಕ್ಷರಿಗೆ ಫೋನ್ ಹಚ್ಚಲೇನು?"

ಬಬಲೇಶ್ವರದ ಡಬ್ಬಿಗಳು ಸರದಿಯಲ್ಲಿ ಹಿಂದಿದ್ದವು, ಅಷ್ಟೇ. ಆದರೆ ಸರದಿಯಲ್ಲಿ ಹಿಂದಿರುವುದು ಎಂದರೆ ಏನೆಂದು ಬಬಲೇಶ್ವರದವರಿಗೆ ವಿವರಿಸುವ ಧೈರ್ಯ ಯಾರಿಗಿತ್ತು? ಅಮೋಘಸಿದ್ದ ತನಗೆ ಗೊತ್ತಿದ್ದ ಒಂದೇ ರಿಪೇರಿ ಮಾಡಿದ. ತೆಂಗಿನಕಾಯಿ ಸರಿಸಿ, ಬಬಲೇಶ್ವರದ ಉಪಾಧ್ಯಕ್ಷರ ಬಿರುದುಗಳನ್ನೂ ಸೇರಿಸಿದ. ಸೋಮಣ್ಣ ಪಕ್ಕದಲ್ಲಿ ನಿಂತು ಹೇಳಿ ಬರೆಸಿದರು. 'ನಡೆದಾಡುವ ನ್ಯಾಯಾಲಯ' ಎಂಬುದನ್ನು ತಿಕೋಟಾದವರು ವಿರೋಧಿಸಿದ್ದರಿಂದ, ಸಮತೋಲನಕ್ಕಾಗಿ ಸಾವ್ಕಾರರಿಗೂ ಇನ್ನೆರಡು ಸೇರಿದವು. ಐವತ್ತು ಸೆಕೆಂಡಿನ ಸ್ವಾಗತ ಎರಡು ನಿಮಿಷವಾಯಿತು.

ಹೊಸದನ್ನು ಶುರುಮಾಡುವ ಮೊದಲು ಹಳೆಯದನ್ನು ನಿಲ್ಲಿಸಬೇಕೆಂದು ಅವನಿಗೆ ನೆನಪಾಗಲಿಲ್ಲ. ಪ್ರೋಗ್ರಾಂ ಕಿವಿಗೊಟ್ಟು ಕೂರುವ ಜಾಗಕ್ಕೊಂದು ನಂಬರ್ ಇರುತ್ತದೆ, ಒಂದು ನಂಬರಿನಲ್ಲಿ ಒಂದೇ ಕೂರಬಹುದು. ಆ ಜಾಗ ಆಗಲೇ ಭರ್ತಿಯಾಗಿದೆ ಎಂದು ಕಂಪ್ಯೂಟರ್ ಬರೆದು ತೋರಿಸಿತು.

"ಏನಂತೈತಿ?" ಸಾವ್ಕಾರರು ಕೇಳಿದರು.

"ಜಾಗಾದಾಗ ಯಾರೋ ಮೊದಲ ಕುಂತಾರಂತ್ರಿ."

"ನಾ ಬಂದಾಗ ಯಾವಾಂವ ಅಂವ ಕುಂತಾಂವ? ಎಬ್ಬಿಸು!"

ಕುಳಿತದ್ದು ಅಮೋಘಸಿದ್ದನ ಮೊದಲ ಪ್ರೋಗ್ರಾಮೇ, ಅದೂ ಸಾವ್ಕಾರರನ್ನು ಹೊಗಳುತ್ತ. ಹೊಗಳುತ್ತಿರುವುದನ್ನು ಎಬ್ಬಿಸುವುದು ಅಪಚಾರವೆಂದು ಅವನು ಹೊಸದಕ್ಕೆ ಬೇರೆ ನಂಬರ್ ಕೊಟ್ಟ. ಯಾವ ನಂಬರ್? ಸಾವ್ಕಾರರು ದುಡ್ಡು ಸುರಿದು ತಮ್ಮ ಗಾಡಿಗೆ ಮಾಡಿಸಿಕೊಂಡಿದ್ದ ೯೦೦೯. ಸಭೆ ಚಪ್ಪಾಳೆ ತಟ್ಟಿತು. ಆಮೇಲೆ ಹಳೆಯದನ್ನು ಮುಚ್ಚಿ, ತೆಂಗಿನಕಾಯಿಯನ್ನು ಮತ್ತೆ ಕೀಬೋರ್ಡಿನ ಮೇಲೆ ಕೂರಿಸಿದ. ಈ ಸ್ಥಳಾಂತರದ ಸುದ್ದಿಯನ್ನು ಡಬ್ಬಿಗಳಿಗೆ ಮಾತ್ರ ಯಾರೂ ತಿಳಿಸಲಿಲ್ಲ. ಎಂಟೂ ಚೌಕ ಕಡುಗೆಂಪಾದವು. ಸ್ಪೀಕರ್ ಬಾಯಿ ಮುಚ್ಚಿತು.

"ಇದ್ಯಾಕ ಎಲ್ಲಾ ಕೆಂಪಾತು?"

"ಕೆಂಪ ಅಂದ್ರ ಶುಭ ಅಲ್ಲೇನ್ರಿ ಸಾವ್ಕಾರ್ರ? ಕುಂಕುಮದ ಬಣ್ಣ."

ಸಾವ್ಕಾರರು ತಲೆಯಾಡಿಸಿದರು. ಹಿಂದಿನ ಸಾಲಿನವರೆಗೂ ತಲೆಗಳು ಒಂದೊಂದಾಗಿ ಆಡಿದವು.

ಅಡುಗೆಮನೆಯಲ್ಲಿ ಮತ್ತೆ ಫೋನು. "ಅಕ್ಕಾ, ಈಗ ಬ್ಯಾರೆ ಬರಾಕತ್ತೈತಿ. ಕನೆಕ್ಷನ್ ರಿಫ್ಯೂಸ್ಡ್."

"ತಡಾ ಮಾಡಿ ಬರತೈತೋ, ಕೂಡಲೇ ಬರತೈತೋ?"

"ಕೂಡಲೇ ರೀ. ಕಣ್ಣ ಮುಚ್ಚಿ ತೆಗಿಯೂದ್ರಾಗ."

ಕೂಡಲೇ ಬಂದರೆ ದಾರಿ ಸರಿಯಿದೆ, ಕಂಪ್ಯೂಟರಿನವರೆಗೆ ಮಾತು ತಲುಪಿದೆ, ಆ ನಂಬರಿನಲ್ಲಿ ಕಿವಿಗೊಡುವವರು ಇಲ್ಲ. ತಿಕೋಟಾದ ಹವಾ ನಿರ್ದೋಷಿ. "ಮುಳ್ಳು ಎಷ್ಟರಾಗ ಐತಿ?"

"ಹದಿನಾರು. ಬಾಕ್ಸಿನ ರಟ್ಟು ಬೆವರಾಕತ್ತಾವು ಅಕ್ಕಾ. ತ್ಯಾವಾ ಒಳಗ ಹೋದ್ರ ಮಣೂಕ ಕಪ್ಪಾಗ್ತಾವು, ಯಾರೂ ಮುಟ್ಟಂಗಿಲ್ಲ. ನಾ ಚಾವಿ ಹುಡುಕಿ ಸಾಕಾಗೇನಿ."

ಲಲಿತಾ ಚಹದ ತಟ್ಟೆ ಹಿಡಿದು ಸಭೆಗೆ ಹೋದಳು. ಮೂರನೇ ಸಾಲಿನಲ್ಲಿ ರಾಜಾರಾಮ ಮಿಸ್ತ್ರಿ ಶಿರಾ ತಿನ್ನುತ್ತಿದ್ದ. ಬಗ್ಗಿ ಕಪ್ಪು ಕೊಡುತ್ತ ಮೂರನೇ ಕೋಣೆಯ ಸಂಗತಿ ಹೇಳಿದಳು.

"ಕಂಪ್ಯೂಟರ್ ಹೇಳ್ಲಿ ವೈನಿ. ಕಾಯ್ದೆ ಅಂದ್ರ ಕಾಯ್ದೆ."

"ಟಿವ್ಯಾಗ ಮೂರನೇದು ಕೆಂಪ ಐತಿ ನೋಡ್ರಿ."

"ಎಂಟೂ ಕೆಂಪ ಅದಾವು. ನಿಮ್ಮ ಮೂರನೇದು ಏನ್ ವಿಶೇಷ? ಕೆಂಪ ಅಂದ್ರ ಶುಭ ಅಂತ ನಿಮ್ಮ ಮನಿಯವ್ರ ಈಗ ಹೇಳ್ಯಾರ." ಅವನು ಇನ್ನೊಂದು ಚಮಚ ಶಿರಾ ಬಾಯಿಗಿಟ್ಟ.

ಚಪ್ಪಲಿಗಳ ಹತ್ತಿರ, ಕೊನೆಯ ಸಾಲಿನಲ್ಲಿ ರೇಣುಕವ್ವ ಕುಳಿತಿದ್ದಳು. ತನ್ನ ಬಾಕ್ಸುಗಳನ್ನು ಕಾಯುವ ದೇವರು ಹೇಗಿದೆ ನೋಡಲು ಬೆಳಗಿನ ಬಸ್ಸಿಗೆ ಬಂದಿದ್ದಳು.

"ತಂಗಿ, ಅದರಾಗ ನಂದು ಯಾವುದು?"

"ಮೂರನೇದು, ಅಕ್ಕ."

"ಕೆಂಪ ಚಲೋನೋ, ಕೆಟ್ಟದ್ದೋ?"

ಲಲಿತಾ ಕಪ್ಪುಗಳಿನ್ನೂ ಉಳಿದಿದ್ದ ತಟ್ಟೆಯೊಂದಿಗೆ ಒಳಗೆ ಬಂದಳು. ಐದು ನಿಮಿಷ ಕೀಬೋರ್ಡು ಸಿಕ್ಕರೆ ಸಾಕು. ಆದರೆ ಕೀಬೋರ್ಡಿನ ಮೇಲೆ ತೆಂಗಿನಕಾಯಿ, ಮುಂದೆ ಸಾವ್ಕಾರರು, ಬದಿಗೆ ಗಂಡ. ಚಹ ಕೊಡುವ ಹೆಂಗಸು ಅಲ್ಲಿ ಕುಳಿತು ಬೆರಳಾಡಿಸಿದರೆ ಏಳುವ ಚರ್ಚೆ ಸಂಜೆಗೂ ಮುಗಿಯುವುದಿಲ್ಲ. ಅತ್ತೆ ಮಲಕವ್ವ ಮೂಲೆಯಲ್ಲಿ ವೀಳ್ಯದೆಲೆ ಒರೆಸುತ್ತಿದ್ದಳು. ಭೂತನಾಳದ ಬಯಲಲ್ಲಿ ಕುರಿ ಕಾದು ದೊಡ್ಡವಳಾದ ಹೆಂಗಸು, ನೂರಿಪ್ಪತ್ತು ಕುರಿಗಳಲ್ಲಿ ಯಾವುದು ಕೂಗಿತೆಂದು ಬೆನ್ನು ತಿರುಗಿಸಿ ನಿಂತೇ ಹೇಳುತ್ತಿದ್ದವಳು.

"ಅತ್ತಿ, ಕಂಪ್ಯೂಟರಿಗೆ ಆರತಿ ಆಗಬೇಕು. ನೀವು ಹಾಡಬೇಕು."

"ಎಷ್ಟ ಉದ್ದಂದು ಬೇಕು?"

"ರೇಣುಕವ್ವನ ಮಣೂಕ ಉಳಿಯೂವಷ್ಟು."

ಮಲಕವ್ವ ಸೊಸೆಯ ಮುಖ ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಹಂಗಾರ ಎಲ್ಲಾ ದೇವ್ರನ್ನೂ ಕರೀತೀನಿ. ನಡಿ."

ಆರತಿ ತಟ್ಟೆ ಹಿಡಿದು ಬರುವ ಹೆಂಗಸನ್ನು ತಡೆಯುವ ಗಂಡಸು ಆ ಸೀಮೆಯಲ್ಲಿ ಹುಟ್ಟಿಲ್ಲ. ದೀಪ ಕಂಡದ್ದೇ ಸಾವ್ಕಾರರು ಎದ್ದರು, ಸೋಮಣ್ಣ ಎದ್ದರು, ಶಿರಾದ ತಟ್ಟೆ ಕುರ್ಚಿಯಡಿ ಸೇರಿ ರಾಜಾರಾಮನೂ ಎದ್ದ. ಮಲಕವ್ವ ಮಗನ ಕೈಗೆ ಗಂಟೆ ಕೊಟ್ಟು, "ಹಾಡು ಮುಗಿಯೂತನಕ ಬಾರಸು. ನಡುವ ನಿಲ್ಲಿಸಿದ್ರ ಮನೀಗೆ ಕೇಡು," ಎಂದಳು. ಆಮೇಲೆ ಕಣ್ಣು ಮುಚ್ಚಿ ಮನೆದೇವರಿಂದ ಶುರುಮಾಡಿದಳು.

ನಲವತ್ತು ಜೊತೆ ಕೈಗಳು ಮುಗಿದವು. ಮುಗಿದ ಕೈಗಳು ಇನ್ನು ಯಾವ ಕೆಲಸಕ್ಕೂ ಬರುವಂತಿರಲಿಲ್ಲ. ಲಲಿತಾ ತೆಂಗಿನಕಾಯಿ ಎತ್ತಿ ಕೆಳಗಿ​ಟ್ಟು, ಖಣ ಮಡಚಿ, ಕುಳಿತಳು. ೯೦೦೯ರಲ್ಲಿ ಕುಳಿತಿದ್ದನ್ನು ನಿಲ್ಲಿಸಿದಳು. ಅಮೋಘಸಿದ್ದನಿಗೆ ಕಾಣುತ್ತಿತ್ತು, ಕಣ್ಣು ಅಗಲ ಮಾಡಿದ, ಹುಬ್ಬು ಹಾರಿಸಿದ, ಆದರೆ ಗಂಟೆ ಬಿಡುವಂತಿರಲಿಲ್ಲ. ಮಲಕವ್ವ ಮನೆದೇವರನ್ನು ಮುಗಿಸಿ ಊರದೇವರಿಗೆ ಬಂದಳು. ಲಲಿತಾ ಹುಲಿಯನ್ನು ಅಳಿಸಿದಳು, ಬಳ್ಳಿಯ ಬೇರನ್ನು ಅಳಿಸಿದಳು, ನಡೆದಾಡುವ ನ್ಯಾಯಾಲಯವನ್ನು ಅಳಿಸಿದಳು. ಹದಿನೇಳು ಸಾಲು ಬಿರುದು ಹೋದ ಮೇಲೆ ಅವಳು ಬರೆದದ್ದು ಮತ್ತೆ ಕಾಣಿಸಿತು. ಹಾಡು ಬಾವಿಯ ದೇವತೆಯನ್ನು ದಾಟಿ, ಹೊಲದ ದೇವತೆಯನ್ನು ದಾಟಿ, ಹೆಸರಿಲ್ಲದ ಕಲ್ಲುಗಳತ್ತ ಸಾಗಿತ್ತು. ಸಾವ್ಕಾರರು ಕಾಲು ಬದಲಿಸಿ ನಿಂತರು. ಲಲಿತಾ ಹಳೆಯ ನಂಬರ್ ಹಾಕಿ, ಪ್ರೋಗ್ರಾಂ ಶುರುಮಾಡಿದಳು.

ಒಂದು ಉಸಿರಿನಲ್ಲಿ ಎಂಟೂ ಡಬ್ಬಿಗಳು ಬಂದವು, ಹೇಳಿದವು, ಕೇಳಿದವು, ಹೋದವು. ಏಳು ಹಸಿರು. ಮೂರನೆಯದು ಕೆಂಪು, ಅದರ ಪಕ್ಕ ಹದಿನೇಳು. ಕಂಪ್ಯೂಟರಿನ ಗಂಟೆ ಹೊಡೆಯಿತು. ರಾಜಾರಾಮನ ಅಂಗಿಯ ಕಿಸೆಯಲ್ಲಿ ಫೋನು ಕಿರುಚಿತು. ಅವನು ಕೈಮುಗಿದುಕೊಂಡೇ ನಿಂತಿದ್ದ.

"ಲೇ ಮಿಸ್ತ್ರಿ!" ಕೊನೆಯ ಸಾಲಿನಿಂದ ರೇಣುಕವ್ವ ಕೂಗಿದಳು. "ಕಂಪ್ಯೂಟರ್ ಹೇಳಾಕತ್ತೈತಿ! ಕಾಯ್ದೆ ಅಂದಿ ಅಲ್ಲ, ಎತ್ತಲೇ!"

ಕಾಯ್ದೆಯ ಮಾತು ಬಂದದ್ದರಿಂದ ಅವನು ಎತ್ತಿದ. ನೋಡಿದ. ಮುಖದಿಂದ ಶಿರಾದ ತೃಪ್ತಿ ಇಳಿದು ಹೋಯಿತು. ಕೂಡಲೇ ತಿಕೋಟಾಕ್ಕೆ ಫೋನ್ ಹಚ್ಚಿದ. "ಸಮ್ರೀನ, ಚಾವಿ ಆಫೀಸಿನ ಗಡಿಯಾರದ ಹಿಂದ ಐತಿ. ಪ್ಯಾನಲ್ ತೆಗಿ. ಕೆಳಗ ನೀಲಿ ಗುಂಡಿ ಐತಿ ನೋಡು, ಒತ್ತು. ಲಗೂ!"

ನಲವತ್ತು ಜನ ಟಿವಿಯನ್ನು ನೋಡಿದರು. ಮಲಕವ್ವ ಹಾಡು ನಿಲ್ಲಿಸಿ ಒಂದು ಕಣ್ಣು ತೆರೆದಳು. ಹದಿನೇಳು. ಹದಿನೇಳು. ಹದಿನಾರೂವರೆ. ಲಲಿತಾಳ ಬಳಿಯಿದ್ದ ಗಂಡನ ಫೋನಿಗೆ ಕರೆ ಬಂತು, ಆ ಕಡೆ ಸಮ್ರೀನ ಏದುಸಿರು ಬಿಡುತ್ತಿದ್ದಳು. "ಮಷಿನ್ ಚಾಲೂ ಆತು ಅಕ್ಕಾ. ಎರಡು ಬಾಕ್ಸ ಒಡೆದು ನೋಡೇನಿ. ರಟ್ಟು ಅಷ್ಟ ಹಸಿ ಆಗ್ಯಾವು, ಒಳಗಿನ ಮಣೂಕ ಒಣಗೇ ಅದಾವು. ಇನ್ನೊಂದು ತಾಸು ಬಿಟ್ಟಿದ್ರ ಹೇಳಾಕಾಗತಿರಲಿಲ್ಲ." ಲಲಿತಾ ಸಭೆಯ ತಲೆಗಳ ಮೇಲಿಂದ ರೇಣುಕವ್ವನಿಗೆ ಕೈಯೆತ್ತಿ ತೋರಿಸಿದಳು. ರೇಣುಕವ್ವ ಅಲ್ಲಿಯೇ ಚಪ್ಪಲಿಗಳ ನಡುವೆ ಕುಸಿದು ಕುಳಿತಳು.

ಆಗ ಸಾವ್ಕಾರರು ಜೋರಾಗಿ ಚಪ್ಪಾಳೆ ತಟ್ಟಿದರು.

"ಶಾಬಾಶ್ ಲೇ ಅಮೋಘಸಿದ್ದ! ಡೆಮೋ ಅಂದ್ರ ಹಿಂಗಿರಬೇಕು. ಮೊದಲ ಎಲ್ಲಾ ಕೆಂಪ ಮಾಡಿ ಹೆದರಿಸಿದಿ, ಆಮ್ಯಾಲ ಆರತಿ, ಆಮ್ಯಾಲ ಗಂಟಿ! ಬೇಕಂತಲೇ ಮಷಿನ್ ಬಂದ್ ಇಡ್ಸಿದ್ದಿ, ಹೌದಲ್ಲೋ?"

ನಿಜ ಹೇಳಲು ಒಬ್ಬ ಮನುಷ್ಯನಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಅಮೋಘಸಿದ್ದ ಕೈಯಲ್ಲಿದ್ದ ಗಂಟೆ ಒರೆಸಿದ. ಆ ಹೊತ್ತು ಕಳೆದ ಮೇಲೆ, "ಹೌದ್ರಿ ಸಾವ್ಕಾರ್ರ," ಎಂದ. ಅವನ ಕೊರಳಿಗೆ ಹಾರ ಬಿತ್ತು. ರಾಜಾರಾಮ ಮಿಸ್ತ್ರಿಗೂ ಅರ್ಧ ಹಾರ ಸಿಕ್ಕಿತು. ಕಂಪ್ಯೂಟರಿನ ಮುಂದಿನ ಕುರ್ಚಿಯಿಂದ ಎದ್ದವಳಿಗೆ ಗಂಡ ಮೆಲ್ಲಗೆ, "ಚಾ ಆರಾಕತ್ತೈತಿ," ಎಂದ.

ಎಲ್ಲರೂ ಒಪ್ಪಿದ ಮೇಲೆ ಒಪ್ಪದೆ ಉಳಿದವರು ಸೋಮಣ್ಣ ಒಬ್ಬರೇ. "ಅದೆಲ್ಲಾ ಖರೆ. ಆದ್ರ ಡೆಮೋ ಮತ್ತ ತಿಕೋಟಾದ ಕೋಣಿಗೇ ಮಾಡಿದ್ರಿ. ನಮಗ ಇವರ ಜೋಡಿ ಬ್ಯಾಡ. ಬಬಲೇಶ್ವರಕ್ಕ ನಮ್ಮದ ಬ್ಯಾರೆ ಕಂಪ್ಯೂಟರ್, ಬ್ಯಾರೆ ಪ್ರೋಗ್ರಾಂ ಬೇಕು. ನಮ್ಮ ಉದ್ಘಾಟನಿಗೆ ಎರಡು ಕೋಣಿ ಬಂದ್ ಆಗಬೇಕು."

"ಎಂಟು ದಿನ ಕೊಡ್ರಿ ಸಾಹೇಬ್ರ," ಅಮೋಘಸಿದ್ದ ಹಾರದೊಳಗಿಂದ ಹೇಳಿದ. "ನಾನ ಕುಂತು ಬರದು ಕೊಡ್ತೀನಿ."

ಹೇಳಿ, ಅಡುಗೆಮನೆಯ ಬಾಗಿಲ ಕಡೆ ನೋಡಿದ. ಆ ನೋಟದಲ್ಲಿ ಕೇಳಿಕೆ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ. ನಳ ತಿರುವಿದರೆ ನೀರು ಬರುತ್ತದೆ ಎಂದು ತಿಳಿದವನ ನೋಟ ಅದು.

ಲಲಿತಾ ಎರಡನೇ ಸುತ್ತಿನ ಚಹ ತಂದಳು. ತಿಕೋಟಾದ ಪ್ರೋಗ್ರಾಮಿಗೆ ಇವತ್ತು ಮಧ್ಯಾಹ್ನವೇ ತನ್ನ ಹೊರತು ಯಾರೂ ತೆರೆಯಲಾಗದಂತೆ ಬೀಗ ಹಾಕಬೇಕು ಎಂದುಕೊಂಡಳು. ಅದು ರೇಣುಕವ್ವನಿಗೆ ಕೊಟ್ಟ ಮಾತಿನ ಕೆಲಸ. ಬಬಲೇಶ್ವರದ್ದನ್ನು ತಾನು ಬರೆಯುವುದಿಲ್ಲ. ಒಂದು ಸಾಲನ್ನೂ ಬರೆಯುವುದಿಲ್ಲ, ಒಂಬತ್ತನೇ ದಿನ ಬಂದು ಬಾಗಿಲಲ್ಲಿ ನಿಂತರೂ. ಇದನ್ನು ಯಾರಿಗೂ ಹೇಳುವ ಅಗತ್ಯ ಅವಳಿಗೆ ಕಾಣಲಿಲ್ಲ.

"ಏನ್ ವೈನಿ, ಎಂಟು ದಿನದಾಗ ಆಗತೈತಿ ಅಂತೀರೇನು?" ಕಪ್ಪು ಎತ್ತಿಕೊಳ್ಳುತ್ತ ಸೋಮಣ್ಣ ನಗೆಯಾಡಿದರು.

"ಬರದು ಕೊಡ್ತೀನಿ ಅಂದವ್ರನ್ನ ಕೇಳ್ರಿ," ಎಂದಳು ಲಲಿತಾ. "ಸಕ್ಕರಿ ಸಾಕೇನು?"